ಗಾಲ್ಫ್ ಆಡಿ ಬಂದ ಸೋದರಮಾವ

ತಮಿಳುನಾಡಿನ ಕೊಂಬೈಯಲ್ಲಿ ದ್ರಾಕ್ಷಿ ತೋಟ ಅಗೆದು ಅಗೆದು ಗಟ್ಟಿಯಾದ ಶರೀರ ನನ್ನದು. ಹಾಗಾಗಿ ನಮ್ಮ ದ್ರಾಕ್ಷಿ ಕೊಳ್ಳುವ ವ್ಯಾಪಾರಿ ಕೋಡೈಕಾನಲ್ ಬೆಟ್ಟಕ್ಕೆ ಗಾಲ್ಫ್ ಆಡಲು ಕರೆದಾಗ ಎರಡನೇ ಮಾತಿಲ್ಲದೆ ಒಪ್ಪಿದೆ. ಹೆಂಡತಿ ಸರಸು ಮಾತ್ರ ಎಚ್ಚರಿಸಿದಳು. "ಮೂರು ದಿನದಲ್ಲಿ ಪಾಪುಗೆ ಕಿವಿ ಚುಚ್ಚಾದು ಐತೆ. ಮೈ ಜೋಪಾನ."

ಪಾಪು ನನ್ನ ತಂಗಿಯ ಮಗಳು, ಐದು ವರ್ಷ. ನಮ್ಮಲ್ಲಿ ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಕಿವಿ ಚುಚ್ಚಬೇಕು. ಆ ಗೌರವಕ್ಕೆ ನಾನು ಅವಳು ಹುಟ್ಟಿದಾಗಿನಿಂದ ಕಾದಿದ್ದೆ. ನನಗೆ ಆಗದಿದ್ದರೆ ಕೂರಲು ನನ್ನ ಚಿಕ್ಕಪ್ಪನ ಮಗ ಆಗಲೇ ಹೊಸ ಪಂಚೆ ತಂದಿಟ್ಟಿದ್ದ.

ಗಾಲ್ಫ್ ಕಲಿಸುವವರು ನಿವೃತ್ತ ಸೈನಿಕರು. ಮೊದಲು ಹತ್ತು ನಿಮಿಷ ಮೈ ಸಡಿಲಿಸಿ, ಕೋಲನ್ನು ಹಗುರವಾಗಿ ಹಿಡಿಯಿರಿ, ಬೆನ್ನೊಂದನ್ನೇ ತಿರುಚದೆ ಇಡೀ ಮೈ ತಿರುಗಿಸಿ, ಮೊದಲ ದಿನ ಇಪ್ಪತ್ತು ಚೆಂಡು ಸಾಕು ಎಂದರು. ಮೂವತ್ತು ವರ್ಷ ಗುದ್ದಲಿ ಬೀಸಿದವನಿಗೆ ಕೋಲು ಹಿಡಿಯುವ ಪಾಠವೇ! ಕೋಲನ್ನು ತಲೆಯ ಮೇಲೆತ್ತಿ, ಕಾಲುವೆ ಕಡಿಯುವವನಂತೆ ಇಳಿಸಿದೆ. ಚೆಂಡು ಇದ್ದಲ್ಲೇ ಇತ್ತು. ಹುಲ್ಲಿನ ಹೆಂಟೆಯೊಂದು ಹಾರಿ ವ್ಯಾಪಾರಿಯ ಬೂಟಿನ ಮೇಲೆ ಕೂತಿತು. ಇಲ್ಲಿ ನಾವು ಏನನ್ನೂ ನೆಡುವುದಿಲ್ಲ ಎಂದು ಗುರುಗಳು ಮೆಲ್ಲಗೆ ತಮಿಳಿನಲ್ಲಿ ತಿಳಿಸಿದರು.

ಮಾನದ ಪ್ರಶ್ನೆ! ಇಪ್ಪತ್ತು ಏಟು ಅರವತ್ತಾಯಿತು. ಅರವತ್ತೊಂದನೆಯದಕ್ಕೆ ಚೆಂಡು ನಿಜವಾಗಿಯೂ ಹಾರಿತು. ಸೊಂಟವೂ ಚಳಕ್ ಎಂದಿತು.

ಮನೆಗೆ ನೆಲ ನೋಡಿಕೊಂಡೇ ಬಂದೆ. ಏನು ಕಳೆದುಹೋಯಿತು ಎಂದು ಸರಸು ಕೇಳಿದಳು. ಬೀಗದ ಕೈ ಎಂದೆ. ಪಾಪ, ಅವಳೂ ಬಗ್ಗಿ ಅಂಗಳವೆಲ್ಲ ಹುಡುಕಿದಳು. ಕೊನೆಗೆ ಅದು ಬಾಗಿಲಲ್ಲೇ ನೇತಾಡುವುದನ್ನು ಕಂಡು, ನನ್ನನ್ನೂ ಒಮ್ಮೆ ನೋಡಿ, ಸೊಂಟಕ್ಕೆ ಹಚ್ಚಲು ಎಣ್ಣೆ ಕಾಯಿಸಲು ಹೋದಳು.

ಕಿವಿ ಚುಚ್ಚುವ ದಿನ ಸೊಂಟಕ್ಕೆ ಟವಲು ಬಿಗಿದು, ಮೇಲೆ ರೇಷ್ಮೆ ಪಂಚೆಯುಟ್ಟು, ದೇವರನ್ನು ನೆನೆಯುತ್ತಾ ಮಣೆಯ ಮೇಲೆ ಇಳಿದೆ. ಪಾಪು ತೊಡೆ ಏರಿದಳು. ಚಿಕ್ಕಪ್ಪನ ಮಗ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅಕ್ಕಸಾಲಿಗರು ಸೂಜಿ ಚುಚ್ಚಿದರು. ಪಾಪು ಸ್ವಲ್ಪ ಹೊರಳಿದಳು, ಅಷ್ಟೇ.

"ಅಯ್ಯಯ್ಯೋ, ಯವ್ವಾ!"

ಕಿರುಚಿದ್ದು ನಾನು.

ನಾವು ಕನ್ನಡದಲ್ಲಿ ಏನೇ ಕೇಳಿದರೂ ತಮಿಳಿನಲ್ಲೇ ಉತ್ತರಿಸುವ ಮಗು ಅದು. ಅಂದು ಮೊದಲ ಸಲ, ಇಡೀ ನೆಂಟರೆದುರು, ನನ್ನ ಕೆನ್ನೆ ಸವರಿ ನಮ್ಮ ಮಾತಿನಲ್ಲಿ ಹೇಳಿತು: "ಅಳ್‌ಬ್ಯಾಡ ಮಾವಾ. ಇನ್ನೊಂದೇ ಕಿವಿ ಐತೆ."

ಪಾಪು ಅತ್ತರೆ ಇರಲಿ ಎಂದು ತಂದಿದ್ದ ಬೆಲ್ಲವನ್ನು ಸರಸು ನನ್ನ ಬಾಯಿಗೆ ಹಾಕಿದಳು.