ಸಂಸಾರಸ್ಥ ಕೋಳಿಗಳಿಗೆ ಮಾತ್ರ

ದಕ್ಷಿಣ ಬೆಂಗಳೂರಿನಲ್ಲಿ ಕೋಳಿಗೆ ಬಾಡಿಗೆ ಕರಾರು ಬರೆದ ಮೊದಲನೆಯ ಮನುಷ್ಯ ನಾನು. ಇದು ಶುದ್ಧ ಸುಳ್ಳು. ಬರೆದವರು ಚಕ್ರಪಾಣಿಯವರು, ನಾನು ಪಕ್ಕದಲ್ಲಿ ನಿಂತು ಬೋಂಡ ತಿಂತಿದ್ದೆ. ಮಿಕ್ಕಿದ್ದೆಲ್ಲ ನಿಜ, ಇಲ್ಲವೇ ನಿಜಕ್ಕಿಂತ ಒಂದು ಸ್ಟಾಪ್ ಮೊದಲು ಇಳಿದದ್ದು.

ಜೆ.ಪಿ. ನಗರದ ಆ ಅಡ್ಡರಸ್ತೆಗೆ ಯಾವ ಜೀವಿ ವಾಸಕ್ಕೆ ಬಂದರೂ ಅದು ಸಂಸಾರಸ್ಥವೂ ಸಸ್ಯಾಹಾರಿಯೂ ಆಗಿರತಕ್ಕದ್ದು ಎಂಬುದು ನಿವಾಸಿಗಳ ಸಂಘದ ನಿಯಮ. ಇರುವೆಗಳು ಹೇಗೋ ನುಸುಳಿವೆ. ಆ ಬಗ್ಗೆ ಉಪಸಮಿತಿ ಇದೆ.

ಅಲ್ಲಿಯ ಶ್ರೀಕರ್‌ಗೆ ಹಿತ್ತಲಲ್ಲಿ ಕೋಳಿ ಸಾಕಬೇಕಾಗಿ ಬಂತು. ಮಗಳು ಸುರಭಿಗೆ ಕೋಳಿಮರಿ ಕೊಡಿಸುತ್ತೇನೆಂದು ಮಾತು ಕೊಟ್ಟು ಹುಟ್ಟುಹಬ್ಬಗಳನ್ನು ದಾಟಿಸುತ್ತಲೇ ಬಂದಿದ್ದ. ರಸ್ತೆಬದಿಯಲ್ಲಿ ಬಣ್ಣ ಬಳಿದು ಮಾರುವ ಮರಿ ಅವಳಿಗೆ ಬೇಡ, ತಾಯಿಯ ಹೊಟ್ಟೆಯಡಿಯಿಂದ ಇಣುಕುವ ಮರಿಯೇ ಬೇಕು. ಅದು ಬರುವ ತನಕ ಅಪ್ಪನ ಜೊತೆ ಮಾತು ಬಂದ್. ಹೇಳುವುದೇನಿದ್ದರೂ ಅಜ್ಜಿ ಸೀತಮ್ಮನ ಮೂಲಕ.

"ಅಜ್ಜಿ, ಶ್ರೀಕರ್ ಅವರಿಗೆ ಹೇಳಿ, ದೋಸೆ ಆರ್ತಾ ಇದೆ."

"ಶ್ರೀಕರ್ ಅವರೇ, ದೋಸೆ ಆರ್ತಾ ಇದೆಯಂತೆ" ಎಂದು ಸೀತಮ್ಮ ಹೆತ್ತ ಮಗನಿಗೆ ಹೇಳುವರು. ಈ ಕೆಲಸ ಅವರಿಗೆ ಬಹಳ ಹಿಡಿಸಿತ್ತು.

ಶ್ರೀಕರ್ ಹುಳಿಮಾವಿನ ಕೋಳಿ ಮಹೇಶನ ಹತ್ತಿರ ಹೋಗಿ, ಮಕ್ಕಳಿರುವ ಮನೆಗೆ ಯಾವ ತಳಿ ಆಗುತ್ತೆ ಎಂದು ವಿಚಾರಿಸಿಕೊಂಡು ಬಂದು ಸಂಘದ ಮುಂದೆ ನಿಂತ. ಅಧ್ಯಕ್ಷ ಚಕ್ರಪಾಣಿಯವರದು ಆಯುಷ್ಯವಿಡೀ ಬಾಡಿಗೆದಾರರನ್ನು ಜರಡಿ ಹಿಡಿದ ಕೈ. ಕೋಳಿಗಳನ್ನೂ ಅದೇ ಜರಡಿಗೆ ಹಾಕಿದರು.

ಅಸೀಲ್ ತಳಿ ಜಗಳಗಂಟಿ ಎಂದು ಮೊದಲೇ ಬಿತ್ತು. ಗಿರಿರಾಜ ಸಾಧು, ಮಕ್ಕಳು ಎತ್ತಿಕೊಂಡರೂ ಸುಮ್ಮನಿರುತ್ತೆ ಎಂದ ಶ್ರೀಕರ್. ಅದು ವಿಶ್ವವಿದ್ಯಾಲಯದವರು ಬೆಳೆಸಿದ ತಳಿಯೆಂದು ತಿಳಿದು, ಓದಿರಬಹುದು ಆದರೆ ಮನೆತನ ಗೊತ್ತಿಲ್ಲ ಎಂದು ತಿರಸ್ಕರಿಸಲಾಯಿತು. ಕಡಕ್‌ನಾಥ್ ಮಧ್ಯಪ್ರದೇಶದ್ದು, ಕನ್ನಡ ಬರುವುದಿಲ್ಲ. ಕೊನೆಗೆ ಉಳಿದದ್ದು ಹುಳಿಮಾವಿನ ನಾಟಿ.

"ಎಷ್ಟು ಜನ?" ಎಂದರು ಚಕ್ರಪಾಣಿ.

"ಮೂರು ಹೇಂಟೆ ಸಾರ್."

"ಮೂರು ಹೆಂಗಸರು, ಮನೇಲಿ ಗಂಡಸಿಲ್ಲ. ಇದು ಪಿ.ಜಿ. ಆಗುತ್ತಲ್ಲಪ್ಪಾ."

"ಹುಂಜ ತಂದ್ರೆ ಬೆಳಗಿನ ಜಾವ ಕೂಗುತ್ತೆ ಸಾರ್."

"ಸಂಸಾರ ಅಂದ್ಮೇಲೆ ಕೂಗಾಟ ಇರುತ್ತೆ. ನಮ್ಮನೇಲಿಲ್ವಾ?"

ಹುಂಜ ಸೇರಿತು. ಸೇರಿದ ಮೇಲೆ ಒಬ್ಬ ಗಂಡ, ಮೂವರು ಹೆಂಡಿರು ಎಂಬ ಹೊಸ ಅಸಭ್ಯತೆ ತಲೆಯೆತ್ತಿತು. ಸಂಘವು ದೀರ್ಘವಾಗಿ ಚರ್ಚಿಸಿ, ಕೆಂಪಿ ಎಂಬ ಹೇಂಟೆಯನ್ನು ಹುಂಜದ ಧರ್ಮಪತ್ನಿಯೆಂದೂ, ಚುಕ್ಕಿಯನ್ನು ತಂಗಿಯೆಂದೂ, ದಪ್ಪನೆಯ ದೊಡ್ಡಿಯನ್ನು ಅತ್ತೆಯೆಂದೂ ಘೋಷಿಸಿತು. ನಾಲ್ಕೂ ಕರಾರಿಗೆ ಕಾಲೊತ್ತಿದವು.

ಮಾಂಸಾಹಾರ ಹೊರಗೆ ಮಾಡಿಕೊಂಡು ಬರಬೇಕೆಂಬುದು ಎಲ್ಲ ಬಾಡಿಗೆದಾರರಿಗೂ ಇರುವ ಷರತ್ತು. ಅದರಂತೆ ಶ್ರೀಕರ್ ಪ್ರತಿ ಸಂಜೆ ಇಡೀ ಸಂಸಾರವನ್ನು ಮೂಲೆಯ ಖಾಲಿ ಸೈಟಿಗೆ ಕರೆದೊಯ್ದು ಎರೆಹುಳು ತಿನ್ನಿಸಿ, ಗೇಟಿನ ಹತ್ತಿರ ಕೊಕ್ಕು ತೊಳೆಸಿ ಒಳಗೆ ಬಿಡುತ್ತಿದ್ದ. ಎದುರಿಗೆ ಸಿಕ್ಕವರು "ಊಟ ಆಯ್ತಾ?" ಎಂದು ವಿಚಾರಿಸುತ್ತಿದ್ದರು. ಅವನನ್ನಲ್ಲ.

ಮೊಟ್ಟೆಯ ಸಂಗತಿ ಇನ್ನೂ ಗಂಭೀರ. ಸಸ್ಯಾಹಾರಿ ರಸ್ತೆಯಲ್ಲಿ ಮೊಟ್ಟೆ ಇರಕೂಡದು. ಆದ್ದರಿಂದ ಪದಾಧಿಕಾರಿಗಳು ಸರದಿಯಂತೆ ಟಿಫನ್ ಡಬ್ಬಿ ಹಿಡಿದು ಬಂದು ಮೊಟ್ಟೆಗಳನ್ನು ವಿಲೇವಾರಿಗೆ ಒಯ್ಯುತ್ತಿದ್ದರು. ಎಲ್ಲಿ ವಿಲೇವಾರಿ ಎಂದು ಯಾರೂ ಕೇಳಲಿಲ್ಲ. ಶನಿವಾರ ಮತ್ತು ಏಕಾದಶಿಯಂದು ವಿಲೇವಾರಿ ಇರುವುದಿಲ್ಲ ಎಂಬ ಪ್ರಕಟಣೆ ಮಾತ್ರ ಹೊರಬಿತ್ತು. ಪದಾಧಿಕಾರಿಗಳ ಕೆನ್ನೆ ತುಂಬಿಕೊಂಡವು. ಮೊಟ್ಟೆಯಿಲ್ಲದೆ ಮರಿಯಿಲ್ಲ, ಮರಿಯಿಲ್ಲದೆ ಮಾತಿಲ್ಲ. ಮನೆಯಲ್ಲಿ ಶ್ರೀಕರ್, ಶ್ರೀಕರ್ ಅವರಾಗಿಯೇ ಉಳಿದ.

ಹೀಗಿರಲು ಒಂದು ಏಕಾದಶಿಯಂದು ಅತ್ತೆ ದೊಡ್ಡಿ ಕಾವಿಗೆ ಕೂತಳು. ಮಾರನೆಯ ಬೆಳಿಗ್ಗೆ ಚಕ್ರಪಾಣಿಯವರ ಸರದಿ. ಹೊಟ್ಟೆಯಡಿ ಕೈ ಹಾಕಿದರು, ದೊಡ್ಡಿ ಕುಕ್ಕಿದಳು. ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಅವರು ತೀರ್ಪು ಕೊಟ್ಟರು: ಭಾನುವಾರದೊಳಗೆ ಕೋಳಿ ಸಂಸಾರ ಮನೆ ಖಾಲಿ ಮಾಡತಕ್ಕದ್ದು.

ಶ್ರೀಕರ್ ಗೋಗರೆದ. ಸುರಭಿ ಬಾಗಿಲಲ್ಲಿ ನಿಂತು, "ಅಜ್ಜಿ, ಶ್ರೀಕರ್ ಅವರಿಗೆ ಹೇಳಿ..." ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿ ಅವನ ಅಂಗಿ ಹಿಡಿದು ಎಳೆದಳು.

"ಅಪ್ಪ, ದೊಡ್ಡಿ ಬಸುರಿ. ಬಸುರೀನ ಯಾರಾದ್ರೂ ಮನೆ ಬಿಡಿಸ್ತಾರಾ?"

ಅಪ್ಪ ಎಂಬ ಶಬ್ದ ಕೇಳಿ ಶ್ರೀಕರ್‌ಗೆ ಮುಂದಿನದು ಕಿವಿಗೇ ಬೀಳಲಿಲ್ಲ. ಚಕ್ರಪಾಣಿಯವರಿಗೆ ಬಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು. ಎಂಥೆಂಥ ಬಾಡಿಗೆದಾರರನ್ನು ಎಬ್ಬಿಸಿದ್ದರೂ ಅವರು ಬಸುರಿಯನ್ನು ಎಬ್ಬಿಸಿದವರಲ್ಲ.

"ಅದು ಸರಿ ಕಣಮ್ಮ" ಎಂದರು ದನಿ ತಗ್ಗಿಸಿ. "ಆದ್ರೆ ಅತ್ತೆ ಬಸುರಿ ಅಂದ್ರೆ ರಸ್ತೇಲಿ ನಾವು ತಲೆ ಎತ್ಕೊಂಡು ಓಡಾಡೋದು ಹೇಗೆ?"

ಸಂಜೆಯೇ ತುರ್ತು ಸಭೆ. ದೊಡ್ಡಿಯನ್ನು ಹೆಂಡತಿಯಾಗಿಯೂ ಕೆಂಪಿಯನ್ನು ಅತ್ತೆಯಾಗಿಯೂ ಪೂರ್ವಾನ್ವಯವಾಗಿ ತಿದ್ದುಪಡಿ ಮಾಡಲಾಯಿತು. ಆಕ್ಷೇಪಣೆ ಇದೆಯೇ ಎಂದು ಹುಂಜವನ್ನು ಕೇಳಲಾಗಿ ಅದು ಕೂಗಿತು. ಸಮ್ಮತಿಯೆಂದು ಭಾವಿಸಲಾಯಿತು.

ಮೊಟ್ಟೆಯೊಡೆದು ಮರಿ ಬಂದ ದಿನ ರಸ್ತೆಯವರೆಲ್ಲ ಮಡಿಲು ತುಂಬಲು ಅಕ್ಕಿ ತಂದರು, ಬಾಣಂತಿ ಅಲ್ಲೇ ತಿಂದಳು. ಸುರಭಿ ಈಗ ಅಪ್ಪನ ಜೊತೆ ಬಾಯಿ ಮುಚ್ಚದೆ ಮಾತಾಡುತ್ತಾಳೆ. ಕೆಲಸ ಕಳೆದುಕೊಂಡ ಸೀತಮ್ಮನವರದೊಂದೇ ಬೇಸರ. ಚಕ್ರಪಾಣಿಯವರು ಮರಿಗಳನ್ನು ಬಹಳ ಹೊತ್ತು ಮುದ್ದಿನಿಂದ ನೋಡಿ, ಇವೂ ಮುಂದೆ ಮೊಟ್ಟೆ ಇಡುತ್ತವಲ್ಲ ಎಂದು ವಿಲೇವಾರಿ ಸಮಿತಿಯನ್ನು ವಿಸ್ತರಿಸಿದರು.

ಈಗ ಆ ರಸ್ತೆಯ ಗೇಟುಗಳ ಮೇಲೆಲ್ಲ ಒಂದೇ ಬೋರ್ಡು: ಮನೆ ಬಾಡಿಗೆಗಿದೆ, ಸಂಸಾರಸ್ಥ ಕೋಳಿಗಳಿಗೆ ಮಾತ್ರ, ಮನುಷ್ಯರು ವಿಚಾರಿಸಬಾರದು.

ನಂಬಿಕೆ ಬರ್ಲಿಲ್ವಾ ಸಾರ್? ಬನ್ನಿ, ತೋರಿಸ್ತೀನಿ. ಅಷ್ಟರಲ್ಲಿ ಈ ಟೀ ದುಡ್ಡು ನೀವೇ ಕೊಟ್ಬಿಡಿ. ನನ್ನ ಚಿಲ್ಲರೆಯೆಲ್ಲ ಆ ಹುಂಜದ ಹತ್ರ ಇದೆ.