ಅರ್ಧ ಮೀಸೆ

ಶಾಸಕ ದೋನ್ ಅಬುಂದಿಯೊ ಬೆಳಿಗ್ಗೆ ಬೆಳಿಗ್ಗೆಯೇ ಬಂದು ಕುರ್ಚಿಯಲ್ಲಿ ಕೂತು, "ಮೀಸೆ ತೆಗೆದುಬಿಡು ನಿಕಾಂದ್ರೊ" ಅಂದಾಗ ಕ್ಷೌರಿಕ ನಿಕಾಂದ್ರೊನ ಕೈಯಲ್ಲಿದ್ದ ಕತ್ತಿ ಟಣ್ ಎಂದು ಬೋಗುಣಿಗೆ ಬಿತ್ತು.

"ತುದಿ ಸ್ವಲ್ಪ ಕತ್ತರಿಸ್ಲಾ ಸ್ವಾಮಿ?"

"ತುದಿ ಅಲ್ಲಯ್ಯ, ಪೂರ್ತಿ. ಬುಡಸಮೇತ."

ಪುಯೆಂತೆ ಹೊಂದೊ ಪಟ್ಟಣದಲ್ಲಿ ಅದು ಬರೀ ಮೀಸೆಯಾಗಿರಲಿಲ್ಲ. ಕಳೆದ ಚುನಾವಣೆಯಲ್ಲಿ ಇದೇ ಮನುಷ್ಯ ದೊಡ್ಡ ಚರ್ಚಿನ ಮುಂದೆ ಮೈಕು ಹಿಡಿದು, "ನಮ್ಮ ರಾಜ್ಯದಲ್ಲಿ ಗಂಡಸು ಗಂಡಸನ್ನ, ಹೆಂಗಸು ಹೆಂಗಸನ್ನ ಮದುವೆಯಾಗೋ ಕಾನೂನು ಬಂದ್ರೆ ಈ ಮೀಸೆ ಬೋಳಿಸಿಕೊಳ್ತೀನಿ!" ಎಂದು ಕೂಗಿದ್ದ. ಗೆದ್ದ ಮೇಲೆ, "ಅದೆಲ್ಲ ಅವರವರ ಮನೆ ವಿಚಾರ" ಅಂದ. ಮರುವರ್ಷ ಜೂನ್ ತಿಂಗಳಲ್ಲಿ ಅಂಥ ಜೋಡಿಗಳು ತೆಗೆಯುವ ಮೆರವಣಿಗೆಯಲ್ಲಿ ಏಳು ಬಣ್ಣದ ಶಾಲು ಹೊದ್ದು, ಸಿಕ್ಕವರನ್ನೆಲ್ಲ ತಬ್ಬಿಕೊಂಡು ಫೋಟೊ ತೆಗೆಸಿಕೊಂಡ. ಮುಂದಿನ ಪವಿತ್ರ ವಾರದಲ್ಲಿ ಮಾತೆ ಮರಿಯಳ ಪಲ್ಲಕ್ಕಿಗೆ ಹೆಗಲು ಕೊಟ್ಟಾಗ ಪತ್ರಿಕೆಯವರು ಶಾಲಿನ ಮಾತೆತ್ತಿದರೆ, "ಗಾಳಿಗೆ ಹಾರಿ ಬಂದು ನನ್ನ ಮೇಲೆ ಬಿತ್ತು" ಅಂದುಬಿಟ್ಟ. ಗಾಳಿಪಟಕ್ಕಾದರೂ ಒಂದು ದಾರ ಇರುತ್ತದೆ. ಈ ಮನುಷ್ಯನಿಗೆ ಅದೂ ಇರಲಿಲ್ಲ. ಇದ್ದದ್ದು ಮೀಸೆ ಒಂದೇ. ಹಾಗಾಗಿ ಊರಿನ ಜನ ಅವನ ಬಾಯಿ ಬಿಟ್ಟು, ಬಾಯಿಯ ಮೇಲಿನದನ್ನು ನೋಡುವುದು ರೂಢಿ ಮಾಡಿಕೊಂಡಿದ್ದರು. ಮೀಸೆ ಇದೆಯೋ, ಕಾನೂನು ಇಲ್ಲ.

ಇವತ್ತು ಮಧ್ಯಾಹ್ನ ಎದುರಿನ ಶಾಸನಸಭೆಯಲ್ಲಿ ಆ ಕಾನೂನಿನ ಮೇಲೆ ಮತದಾನ. ಹನ್ನೆರಡು ಮಂದಿ ಪರ, ಹನ್ನೆರಡು ಮಂದಿ ವಿರೋಧ. ಉಳಿದದ್ದು ಈ ಮೀಸೆ.

ನಿಕಾಂದ್ರೊಗೆ ಕುಣಿದಾಡುವಷ್ಟು ಸಂತೋಷವಾಗಬೇಕಿತ್ತು. ಊರ ಬ್ಯಾಂಡಿನಲ್ಲಿ ಟ್ರೊಂಬೋನ್ ಊದುವ ಪೊನ್ಸಿಯಾನೊನ ಜೊತೆ ಅವನು ಒಂಬತ್ತು ವರ್ಷದಿಂದ ಸಂಸಾರ ಮಾಡಿಕೊಂಡಿದ್ದ. "ಕಾನೂನು ಬರ್ಲಿ ಚಾನೊ, ಮಾರನೇ ದಿನವೇ ಮದುವೆ" ಎಂದು, ಮುದ್ದಿನ ಹೆಸರಿನಿಂದ ಕರೆದು, ಒಂಬತ್ತು ವರ್ಷವೂ ಹೇಳಿಕೊಂಡು ಬಂದಿದ್ದ. ಕಳೆದ ವರ್ಷ ಪಿತ್ತಕೋಶದ ಕಲ್ಲಿಗೆ ನಿಕಾಂದ್ರೊನನ್ನು ಆಸ್ಪತ್ರೆಗೆ ಹಾಕಿದಾಗ ಬಾಗಿಲಲ್ಲಿದ್ದ ಕಾವಲಿನವನು, "ಸಂಬಂಧಿಕರಿಗೆ ಮಾತ್ರ. ನೀವು ಅವರಿಗೆ ಏನಾಗಬೇಕು?" ಅಂದನಂತೆ. ಪೊನ್ಸಿಯಾನೊ ಗಾಬರಿಯಲ್ಲಿ, "ಗಿರಾಕಿ" ಅಂದನಂತೆ. ಗಿರಾಕಿಯನ್ನು ಯಾರು ಒಳಗೆ ಬಿಡುತ್ತಾರೆ? ರಾತ್ರಿಯಿಡೀ ಗೇಟಿನ ಹೊರಗೆ ನಿಂತಿದ್ದ. ಅಂದಿನಿಂದ ಅವನಿಗೆ ಮದುವೆ ಅಂದರೆ ಹೂವು, ಹಾಡು, ಊಟ ಯಾವುದೂ ಅಲ್ಲ. ಆ ಗೇಟು ದಾಟುವುದು, ಅಷ್ಟೇ.

ಆದರೆ ನಿಕಾಂದ್ರೊನ ಹೊಟ್ಟೆಯಲ್ಲಿ ಇನ್ನೊಂದು ಕಲ್ಲಿತ್ತು. ಅದರ ಹೆಸರು ದೋನ್ಯಾ ತೆಯೊಫಿಲಾ. ಪೊನ್ಸಿಯಾನೊನ ತಾಯಿ.

ತೆಯೊಫಿಲಾ ಬಿಷಪ್ಪರ ಮನೆಯಲ್ಲಿ ಅಡುಗೆಯವಳು. "ಮದುವೆಯಾಗದೆ ಕೂಡಿಕೊಂಡವರ ಮನೆ ಹೊಸ್ತಿಲು ತುಳಿಯೋಲ್ಲ. ಮದುವೆಯಾದ ದಿನವೇ ಪೆಟ್ಟಿಗೆ ತಗೊಂಡು ಬಂದುಬಿಡ್ತೀನಿ, ಸಾಯೋತನಕ ಅಲ್ಲೇ" ಎಂದು ಕಾರ್ಮೆಲ್ ಮಾತೆಗೆ ಹರಕೆ ಹೊತ್ತಿದ್ದಳು. ಹಾಗಂತ ಬರದೇ ಇರುತ್ತಿರಲಿಲ್ಲ. ಪ್ರತಿ ಭಾನುವಾರ ಬಂದು ಕಿಟಕಿಯ ಹೊರಗೆ, ಫುಟ್‌ಪಾತಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ಕಿಟಕಿಯಿಂದಲೇ ತಮಾಲೆಯ, ಅಂದರೆ ಮೆಕ್ಕೆಜೋಳದ ಕಡುಬಿನ, ತಟ್ಟೆ ಹೋಗುತ್ತಿತ್ತು, ಕಿಟಕಿಯಿಂದಲೇ ತೀರ್ಪು ಬರುತ್ತಿತ್ತು. "ತಮಾಲೆ ಗಟ್ಟಿಯಾಗಿದೆ, ಇದರಲ್ಲಿ ಗೋಡೆ ಕಟ್ಟಬಹುದು." "ನಿಕಾಂದ್ರೊ, ಊರಿಗೆಲ್ಲ ಕ್ಷೌರ ಮಾಡ್ತೀಯ, ನಿನ್ನ ಕಿವಿ ಕೂದಲು ಯಾರು ತೆಗೀಬೇಕು?" ನಡುವೆ ಒಂದು ಕಿಟಕಿಯ ಕಟ್ಟೆ ಇದ್ದದ್ದಕ್ಕೆ ನಿಕಾಂದ್ರೊ ಬದುಕಿದ್ದ. ಕಾನೂನು ಬಂದರೆ ಆ ಕಟ್ಟೆ ಹೋಗುತ್ತದೆ. ಭಾನುವಾರ ಹೋಗಿ ವಾರದ ಏಳೂ ದಿನ ಭಾನುವಾರವಾಗುತ್ತದೆ.

"ಸ್ವಾಮಿ, ಇಂಥಾ ಮೀಸೆ ಇಡೀ ರಾಜ್ಯದಲ್ಲಿ ಇನ್ನೊಂದಿಲ್ಲ" ಅಂದ ನಿಕಾಂದ್ರೊ, ನೊರೆ ಕಲಸುತ್ತ, ಕಲಸುತ್ತಲೇ ಇರುತ್ತ. "ಇದನ್ನ ಕತ್ತರಿಸೋದು ಅಂದ್ರೆ ಚರ್ಚಿನ ಗೋಪುರ ಕೆಡವಿದ ಹಾಗೆ."

"ನಂಗೇನು ಆಸೆನಾ?" ಶಾಸಕ ಬಲಜೇಬಿನ ಫೋನು ತಟ್ಟಿದ. "ಪಕ್ಷದ ಅಧ್ಯಕ್ಷರು ನಿನ್ನೆ ರಾತ್ರಿ ಹೇಳಿದ್ರು, ಈಗ ಯುವಜನರ ಓಟು ಬೇಕು, ಪರವಾಗಿ ಹಾಕು ಅಂತ. ನಾನು ಯಾವಾಗ್ಲೂ ಪ್ರೀತಿಯ ಪರವೇ ನಿಕಾಂದ್ರೊ. ಮೀಸೆ ಅಡ್ಡ ಇತ್ತು, ಕಾಣಿಸ್ತಿರಲಿಲ್ಲ."

ಅಷ್ಟರಲ್ಲಿ ಗಾಜಿನ ಬಾಗಿಲಿಗೆ ಮೂಗು ಒತ್ತಿ ನಿಂತಿದ್ದ ಲಾಟರಿ ಮಾರುವ ಹಸಿಂತೊ ಒಳಗೆ ನುಗ್ಗಿದ. ಹಿಂದೆಯೇ ಪಕ್ಕದ ಔಷಧಿ ಅಂಗಡಿಯ ದೋನ್ಯಾ ಒಬ್ದುಲಿಯಾ, ಕೈಯಲ್ಲಿ ಯಾರದೋ ಕೆಮ್ಮಿನ ಸಿರಪ್ಪಿನ ಸಮೇತ.

"ಮೀಸೆ ಹೋಗ್ತಿದೆಯಾ? ಅಯ್ಯೋ ನಮ್ಮಪ್ಪಾ, ನಿಕಾಂದ್ರೊ! ನೀನೇ ಒಪ್ಪಿಸಿದ್ಯಾ?" ಅಂದಳು ಒಬ್ದುಲಿಯಾ.

"ಇನ್ಯಾರು ಒಪ್ಪಿಸ್ತಾರೆ!" ಅಂದ ಹಸಿಂತೊ. "ಕತ್ತಿ ಅವನ ಕೈಲಿದೆ, ಕತ್ತು ಇವರದ್ದು. ಇದಕ್ಕಿಂತ ಒಳ್ಳೇ ಚರ್ಚೆ ಎಲ್ಲಾದ್ರೂ ಉಂಟಾ?"

"ಬಿಸಿನೀರು ತರ್ತೀನಿ" ಎಂದು ನಿಕಾಂದ್ರೊ ಹಿಂದಿನ ಕೋಣೆಗೆ ಜಾರಿದ. ಬಾಗಿಲು ಹಾಕಿಕೊಂಡ. ಬಿಷಪ್ಪರ ಕಾರ್ಯದರ್ಶಿ ಫಾದರ್ ಎಲಾದಿಯೊ ಶನಿವಾರದ ಗಿರಾಕಿ, ನಂಬರಿತ್ತು. ಫೋನಿಗೆ ಟವೆಲು ಸುತ್ತಿ, ಮೂಗು ಹಿಡಿದು, ದನಿ ಸಣ್ಣ ಮಾಡಿದ.

"ಫಾದರ್, ನಾನೊಬ್ಬಳು ಬಡ ವಿಧವೆ. ನನ್ನ ಕಣ್ಣಾರೆ ನೋಡ್ತಿದೀನಿ. ದೋನ್ ಅಬುಂದಿಯೊ ಮೀಸೆ ತೆಗೆಸ್ತಿದಾರೆ."

ಆ ಕಡೆ ಏನೋ ಅಗಿಯುತ್ತಿದ್ದ ಸದ್ದು ನಿಂತಿತು. "ಎಲ್ಲಿ?"

"ಚೌಕದ ಕ್ಷೌರದಂಗಡೀಲಿ. ಆ ಕ್ಷೌರಿಕ ಪಾಪ ಒಳ್ಳೆಯವನು, ತಡ ಮಾಡ್ತಿದಾನೆ. ಬೇಗ ಏನಾದ್ರೂ ಮಾಡಿ ಫಾದರ್."

ಫೋನಿಟ್ಟು ಬಂದು, ಇನ್ನು ತಡ ಮಾಡಿದರೆ ಒಬ್ದುಲಿಯಾಳೇ ಕತ್ತಿ ಹಿಡಿಯುವ ಹಾಗಿದ್ದದ್ದರಿಂದ, ನಿಕಾಂದ್ರೊ ಬಲಗಡೆಯಿಂದ ಶುರು ಮಾಡಿದ. ಆಮೆ ಮೆಟ್ಟಿಲು ಹತ್ತುವ ವೇಗದಲ್ಲಿ ಕತ್ತಿ ಎಳೆದ. ಮೂಗಿನ ನೇರಕ್ಕೆ ಬಂದಿತ್ತು, ಅಷ್ಟರಲ್ಲಿ ಶಾಸಕನ ಎಡಜೇಬಿನ ಇನ್ನೊಂದು ಫೋನು ಹೊಡೆದುಕೊಂಡಿತು.

"ಹೇಳಿ ಫಾದರ್... ಛೇ ಛೇ, ಯಾರು ಹೇಳಿದ್ದು?... ಭಾನುವಾರದ ಪೂಜೆಯಲ್ಲೇ? ಪೀಠದಿಂದ ನನ್ನ ಹೆಸರು ಹಿಡಿದು ಬೈತೀರಾ?... ಇಲ್ಲ ಫಾದರ್, ಮೀಸೆ ಇದೆ. ಈಗಲೂ ಕೈ ಹಾಕಿ ಮುಟ್ತಾ ಇದೀನಿ."

ಸುಳ್ಳಲ್ಲ. ಎಡಗೈಯಲ್ಲಿ ಎಡಮೀಸೆ ಹಿಡಿದುಕೊಂಡೇ ಮಾತಾಡುತ್ತಿದ್ದ.

ಫೋನು ಇಟ್ಟು ಕನ್ನಡಿ ನೋಡಿದ. ಕನ್ನಡಿಯಲ್ಲಿ ಒಂದೇ ಕುರ್ಚಿಯ ಮೇಲೆ ಇಬ್ಬರು ಕೂತಿದ್ದರು. "ನಿಲ್ಸು! ನಿಲ್ಸಯ್ಯ! ಏನು ಮಾಡಿಬಿಟ್ಟೆ!"

"ನೀವೇ ಹೇಳಿದ್ರಲ್ಲ ಸ್ವಾಮಿ..."

"ಆಗ ಹೇಳಿದ್ದು ಆಗ!"

ಬಲಜೇಬು ಹೊಡೆದುಕೊಂಡಿತು. ಅಧ್ಯಕ್ಷರು. "ಆಯ್ತು ಸಾರ್, ತೆಗೆಸ್ತಾ ಇದೀನಿ, ಅರ್ಧ ಆಗಿದೆ." ಎಡಜೇಬು ಹೊಡೆದುಕೊಂಡಿತು. "ಇದೆ ಫಾದರ್, ಇದೆ, ಇನ್ನೂ ಅರ್ಧ ಇದೆ." ಇಬ್ಬರು ಹೆಂಡಿರ ಗಂಡನಾದರೂ ಇಷ್ಟು ಬೆವರುತ್ತಿರಲಿಲ್ಲ. ಕೊನೆಗೆ ಶಾಸಕ ಕತ್ತಿನ ಬಟ್ಟೆ ಕಿತ್ತೆಸೆದು, ಕರವಸ್ತ್ರ ಬಾಯಿಗೆ ಒತ್ತಿಕೊಂಡು, ಸಭೆಯ ಕಡೆ ಓಡಿದ.

ಆಮೇಲೆ ನಡೆದದ್ದು ನಿಕಾಂದ್ರೊನ ಕೈಯಲ್ಲಿರಲಿಲ್ಲ. ಹಸಿಂತೊ ಚೌಕದ ತುಂಬ ಸಾರಿಕೊಂಡು ಬಂದ. "ನಮ್ಮ ನಿಕಾಂದ್ರೊ ಶಾಸಕನ ಅರ್ಧ ಮೀಸೆ ಇಳಿಸಿದಾನೆ! ಇನ್ನು ಹಿಂದೆ ಹೋಗೋಕೆ ದಾರಿ ಇಲ್ಲ!" ಹುಡುಗ ಹುಡುಗಿಯರು ಬಂದು ನಿಕಾಂದ್ರೊನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಚೌಕದ ಆ ಬದಿಗೆ ಮೇಣದಬತ್ತಿ ಹಿಡಿದು ನಿಂತಿದ್ದ ಚರ್ಚಿನ ಹೆಂಗಸರೂ ಬಂದು, "ಅರ್ಧ ಮೀಸೆ ಉಳಿಸಿದ ಪುಣ್ಯಾತ್ಮ!" ಎಂದು ಅವನ ಕೈಗೆ ಮುತ್ತಿಟ್ಟರು. ಮೇಲೆ ಒಂದು ಗುಂಪಿನ ಹೆಗಲು, ಕೆಳಗೆ ಇನ್ನೊಂದು ಗುಂಪಿನ ಮುತ್ತು. ನಡುವೆ ನಿಕಾಂದ್ರೊ, ಸಂತೆಯಲ್ಲಿ ಹರಾಜಿಗಿಟ್ಟ ಟರ್ಕಿ ಕೋಳಿಯ ಹಾಗೆ ಮಿಕಿಮಿಕಿ ನೋಡುತ್ತಿದ್ದ.

ಬ್ಯಾಂಡಿನವರು ನುಡಿಸುವ ಕಟ್ಟೆಯ ಮೆಟ್ಟಿಲ ಮೇಲೆ ಪೊನ್ಸಿಯಾನೊ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಗೆ ಟ್ರೊಂಬೋನ್. ಮದುಮಗನ ಅಂಗಿ ಅದು, ಎರಡು ವರ್ಷದಿಂದ ಪೆಟ್ಟಿಗೆಯಲ್ಲಿತ್ತು.

"ನಿಜವಾಗ್ಲೂ ನೀನೇ ಮಾಡಿದ್ಯೇನೋ?" ಅಂದ. ಕಣ್ಣು ತುಂಬಿತ್ತು. "ನಾನು ತಪ್ಪು ತಿಳ್ಕೊಂಡಿದ್ದೆ ಕಣೋ. ನಿನಗೆ ಮದುವೆ ಇಷ್ಟ ಇಲ್ವೇನೋ, ಸುಮ್ನೆ ಕಾನೂನು, ಕಾನೂನು ಅಂತಿದಾನೇನೋ ಅಂತ."

ನಿಕಾಂದ್ರೊ ಹುಡುಗರ ಹೆಗಲಿನಿಂದ ಕೆಳಗಿಳಿದ. ಆ ಗೇಟು, ಆ ರಾತ್ರಿ, ಆ 'ಗಿರಾಕಿ' ಎಂಬ ಮಾತು ಎಲ್ಲ ಒಟ್ಟಿಗೆ ಬಂದು ಎದೆಗೆ ಒದ್ದವು. ಬರಲಿ ಅತ್ತೆ, ಪೆಟ್ಟಿಗೆ ತರಲಿ, ಕಿವಿಯ ಕೂದಲು ಎಣಿಸಲಿ ಅನ್ನಿಸಿಬಿಟ್ಟಿತು. ದೇವರೇ, ಆ ಫೋನು ಮಾಡಿಲ್ಲ ಅನ್ನೋ ಹಾಗೆ ಮಾಡು.

ಆದರೆ ದೇವರು ಫೋನು ಎತ್ತಲಿಲ್ಲ. ಸಭೆಯ ಉಪ್ಪರಿಗೆಗೆ ದೋನ್ ಅಬುಂದಿಯೊ ಬಂದ. ಚೌಕದಲ್ಲಿ ತನ್ನ ಬಲಗಡೆಗಿದ್ದ ಹುಡುಗರ ಕಡೆ ನುಣ್ಣನೆಯ ಬಲಗೆನ್ನೆ ತಿರುಗಿಸಿ ಕೈ ಬೀಸಿದ. ಹೋ ಎಂದರು. ಮುಖ ಹೊರಳಿಸಿ, ಎಡಗಡೆಯ ಚರ್ಚಿನವರಿಗೆ ಎಡಗೆನ್ನೆಯ ಪೊದೆ ತೋರಿಸಿ ಶಿಲುಬೆಯ ಗುರುತು ಮಾಡಿದ. ಅವರೂ ಹೋ ಎಂದರು. ನೇರವಾಗಿ ಮಾತ್ರ ಯಾರನ್ನೂ ನೋಡಲಿಲ್ಲ. ಹಾಗೆ ನೋಡುವ ಅಭ್ಯಾಸ ಅವನಿಗೆ ಮೊದಲೂ ಇರಲಿಲ್ಲ ಬಿಡಿ, ಅದು ಮುಖದ ಮೇಲೆ ಕಾಣಿಸಿದ್ದು ಮಾತ್ರ ಈಗ.

ಒಳಗೆ ಹೆಸರು ಕರೆದಾಗ ಎದ್ದು ನಿಂತು, ಕರವಸ್ತ್ರ ಮುಚ್ಚಿಕೊಂಡು ಕೆಮ್ಮಿದನಂತೆ. ಪರವೋ ವಿರೋಧವೋ ಎಂದು ಮತ್ತೆ ಕೇಳಿದರೆ ಮತ್ತೆ ಕೆಮ್ಮಿದನಂತೆ. ಹನ್ನೆರಡು ಪರ, ಹನ್ನೆರಡು ವಿರೋಧ, ಒಂದು ಕೆಮ್ಮು. ಸಮ ಬಿದ್ದರೆ ಮಸೂದೆ ಬಿದ್ದ ಹಾಗೆ. ಬಿತ್ತು. ನಾಲ್ಕು ಜನ ಬಾಳುವ ಬಾಳು ಒಬ್ಬನ ಕೆಮ್ಮಿಗೆ ಕಟ್ಟುಬಿದ್ದಿದೆ, ಆ ಕೆಮ್ಮಿಗೆ ಸಂಬಳ ಬೇರೆ.

ಪೊನ್ಸಿಯಾನೊ ಟ್ರೊಂಬೋನ್ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟ. "ಹೋಗ್ಲಿ ಬಿಡು. ನಿನ್ನ ಕೈಲಾಗಿದ್ದೆಲ್ಲ ಮಾಡಿದೆ" ಅಂದು ನಿಕಾಂದ್ರೊನ ಬೆನ್ನು ಸವರಿದ. ಕತ್ತಿಯಿಂದ ಗೀರಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಸಂಜೆ ನಿಕಾಂದ್ರೊ ಮನೆಗೆ ಬಂದಾಗ ತೀರ್ಮಾನ ಮಾಡಿಕೊಂಡಿದ್ದ. ಎಲ್ಲ ಹೇಳಿಬಿಡಬೇಕು, ಏನಾದರಾಗಲಿ. ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ತಗಡಿನ ಪೆಟ್ಟಿಗೆ. ಅದರ ಮೇಲೆ, ಪೆಟ್ಟಿಗೆಯ ಜೊತೆಗೇ ಬಂದ ಒಂದು ಹುಂಜ. ಪಕ್ಕದಲ್ಲಿ, ನಿಕಾಂದ್ರೊನ ಸ್ವಂತ ಕುರ್ಚಿಯಲ್ಲಿ, ದೋನ್ಯಾ ತೆಯೊಫಿಲಾ. ಹೊಸ್ತಿಲಿನ ಒಳಗೆ!

"ಬಾಮ್ಮಾ" ಅಂದಳು ಮೆಲ್ಲಗೆ. "ಬಾ ಒಳಗೆ, ಬಡ ವಿಧವೆ."

ನಿಕಾಂದ್ರೊ ಹೊಸ್ತಿಲ ಒಳಗೆ ಒಂದು ಕಾಲಿಟ್ಟು ಅಲ್ಲೇ ನಿಂತುಬಿಟ್ಟ.

"ಫಾದರ್ ತಿಂಡಿ ತಿಂತಿದ್ರು, ಕೈಯೆಲ್ಲ ಸಾರು. ಫೋನು ಅವರ ಕಿವಿಗೆ ಹಿಡ್ಕೊಂಡು ನಿಂತಿದ್ದೋಳು ನಾನು. ಒಂಬತ್ತು ವರ್ಷ ಕಿಟಕೀಲಿ ಕೇಳಿದ ದನಿ ಕಣಯ್ಯ, ಟವೆಲು ಸುತ್ತಿದ್ರೆ ಮರೆತುಹೋಗ್ತದಾ?"

"ಅಮ್ಮಾ..."

"ದಿನಾ ಬಿಷಪ್ಪರ ಸಾರಿಗೆ ಉಪ್ಪು ಹಾಕ್ತಾ, ಈ ಕಾನೂನು ಬರ್ಲಿ ತಾಯಿ ಅಂತ ಬೇಡ್ಕೊಂಡೆ. ನನ್ನ ಮಗನಿಗೆ ಆ ಗೇಟು ತೆಗೀಲಿ ಅಂತ. ಇನ್ನು ಅಬುಂದಿಯೊನ ಮೀಸೇನೂ ನಿನ್ನ ಮಾತನ್ನೂ ನಂಬಿಕೊಂಡಿದ್ರೆ ನಾನು ಫುಟ್‌ಪಾತಿನ ಮೇಲೇ ಪ್ರಾಣ ಬಿಡ್ತೀನಿ."

"ಆದ್ರೆ... ನಿಮ್ಮ ಹರಕೆ?"

"ಹರಕೆ ಮುರಿದ್ರೆ ತಾಯಿ ಬಿಡ್ತಾಳಾ? ಮುರಿದಿಲ್ಲ. ನಿನ್ನ ಹೆಗಲಿಗೆ ದಾಟಿಸಿದೀನಿ. ಇವತ್ತಿನಿಂದ, ಮದುವೆಯಾಗೋ ತನಕ, ಈ ಹೊಸ್ತಿಲು ತುಳಿಯದೇ ಇರೋನು ನೀನು. ಮಲಗೋಕೆ ಅಂಗಡಿ ಕುರ್ಚಿ ಹಿಂದಕ್ಕೆ ಬಾಗ್ತದಲ್ಲ? ಬೇಡ ಅಂತೀಯಾ, ಹೇಳು. ಚಾನೊ ಕಾಫಿ ಕಾಸ್ತಿದಾನೆ, ಕೂಗಿ ಕರೆದು ಆ ಫೋನಿನ ಕಥೆ ಹೇಳ್ತೀನಿ."

ನಿಕಾಂದ್ರೊ ಇಟ್ಟಿದ್ದ ಒಂದು ಕಾಲನ್ನೂ ಹಿಂದಕ್ಕೆ ತೆಗೆದ.

ಸ್ವಲ್ಪ ಹೊತ್ತಿಗೆ ಅವನು ಫುಟ್‌ಪಾತಿನ ಮೇಲೆ, ಕಿಟಕಿಯ ಹೊರಗೆ, ಅದೇ ಹಳೇ ಕುರ್ಚಿಯಲ್ಲಿ ಕೂತಿದ್ದ. ಒಳಗಿನಿಂದ ತಟ್ಟೆ ಬಂತು. ತಟ್ಟೆಯ ಹಿಂದೆ ಪೊನ್ಸಿಯಾನೊನ ಮುಖ ಬಂತು.

"ಅಮ್ಮ ಹೇಳಿದ್ಲು. ಅವಳನ್ನ ಒಳಗೆ ಕೂರಿಸಿ ಹರಕೆ ನೀನೇ ಹೊತ್ಕೊಂಡ್ಯಂತೆ. ಎಂಥಾ ಮನುಷ್ಯನೋ ನೀನು!" ಎಂದು ಮೂಗೊರೆಸಿಕೊಂಡ.

ನಿಕಾಂದ್ರೊ ತಮಾಲೆ ಕಚ್ಚಿದ. ಗಟ್ಟಿಯಾಗಿತ್ತು. ಅಗಿದು ನುಂಗಿದ. ಪರವಾಗಿ ಇನ್ನೊಂದು ಮತ ಬಿದ್ದಿದ್ದರೆ ಈ ಹೊತ್ತಿಗೆ ತಾನೂ ಒಳಗಿರುತ್ತಿದ್ದೆ ಎಂದು ಮೊದಲ ಸಲ ಪ್ರಾಮಾಣಿಕವಾಗಿ ಲೆಕ್ಕ ಹಾಕಿದ.

ಅಷ್ಟರಲ್ಲಿ ಶಾಸಕನ ಕಾರು ಬಂದು ಪಕ್ಕದಲ್ಲಿ ನಿಂತಿತು. ಗಾಜು ಇಳಿಯಿತು. ನುಣ್ಣನೆಯ ಕೆನ್ನೆಯೊಂದು ಹೊರಗೆ ಬಂತು.

"ಸುದ್ದಿ ಕೇಳಿದೆ ನಿಕಾಂದ್ರೊ. ಕಾನೂನಿಗಾಗಿ ಬೀದೀಲಿ ಕೂತಿದೀಯಂತೆ. ಮುಂದಿನ ಅಧಿವೇಶನದಲ್ಲಿ ನನ್ನ ಮತ ನಿಂಗೇ. ಮೊದಲಿಂದ್ಲೂ ನಾನು ನಿಮ್ಮ ಕಡೆಯೇ, ನಂಬು."

"ನಂಬ್ತೀನಿ ಸ್ವಾಮಿ" ಅಂದ ನಿಕಾಂದ್ರೊ. ನಂಬದೆ ಅವನಿಗೆ ಬೇರೆ ಕುರ್ಚಿ ಇರಲಿಲ್ಲ. "ದಯವಿಟ್ಟು ಮರೀಬೇಡಿ."

ಕಾರು ಬೀದಿಯ ಕೊನೆಯವರೆಗೆ ಹೋಗಿ, ದಾರಿಯಿಲ್ಲದೆ ತಿರುಗಿಸಿಕೊಂಡು ವಾಪಸು ಬಂತು. ಈಗ ಇನ್ನೊಂದು ಕೆನ್ನೆ ಕಾಣಿಸಿತು.