ಹೋಲಿಕೆ ಗುಂಪಿನ ಬಾಗಿಲು

ಪ್ರೊಫೆಸರ್ ಗುರುಸಿದ್ದಪ್ಪ ಬಾರಕೇರರು ಕಾಲೇಜಿನ ಊಟದ ಹಾಲಿನ ಬಾಗಿಲಿಗೆ ಒಂದು ತಗಡಿನ ಚೌಕಟ್ಟು ನಿಲ್ಲಿಸಿದರು. ಅದರ ನೆತ್ತಿಗೆ ಒಂದು ಕೆಂಪು, ಒಂದು ಹಸಿರು ಬಲ್ಬು ಸಿಕ್ಕಿಸಿ, ಹೆಗಲ ಟವೆಲ್ಲಿನಿಂದ ಧೂಳು ಒರೆಸಿ, ಬೀಗರ ಮುಂದೆ ಮಗಳನ್ನು ಕೂರಿಸಿದ ತಂದೆಯ ಹಾಗೆ ಪಕ್ಕದಲ್ಲಿ ನಿಂತರು.

"ನೋಡು ಲೀಲಾ. ಜಗತ್ತಿನಾಗ ಇಂಥಾದ್ದು ಇನ್ನೊಂದಿಲ್ಲ."

ಶಿವಲೀಲಾ ನೋಡಿದಳು. ಬಾರಕೇರರು ಆಕೆಗೆ ಸೋದರಮಾವ. ಹಾವೇರಿ ಕಡೆಯ ಆ ಬಿ.ಎಡ್. ಕಾಲೇಜಿನಲ್ಲಿ ನಡೆದಿದ್ದ ಸಂಶೋಧನಾ ವಿಧಾನಗಳ ಕಾರ್ಯಾಗಾರಕ್ಕೆ ನಿರ್ದೇಶಕರು. ಆಕೆ ಪ್ರಾಥಮಿಕ ಶಾಲೆಯ ಟೀಚರು. ಸಂತೆಯ ದಿನ ಮಕ್ಕಳು ಶಾಲೆ ತಪ್ಪಿಸುವುದೇಕೆ ಎಂಬುದರ ಮೇಲೆ ವರ್ಷಗಟ್ಟಲೆ ದುಡಿದು ಪಿಎಚ್.ಡಿ. ಪ್ರಬಂಧ ಮುಗಿಸಿದ್ದಳು. ಅದನ್ನು ಒಪ್ಪಿಸಲು ನಾಳೆಯೇ ಕೊನೆ. ಜೊತೆಗೆ ಇಂಥದೊಂದು ಕಾರ್ಯಾಗಾರದ ಸರ್ಟಿಫಿಕೇಟು ಇಲ್ಲದಿದ್ದರೆ ವಿಶ್ವವಿದ್ಯಾಲಯದವರು ಪ್ರಬಂಧವನ್ನು ಮುಟ್ಟಿಯೂ ನೋಡುತ್ತಿರಲಿಲ್ಲ. ಮೊದಲ ದಿನ ದೀಪ ಹಚ್ಚಿ ಉದ್ಘಾಟಿಸಿದ್ದ ಮುಖ್ಯ ಅತಿಥಿ ಡಾ. ಅಡಿವೆಪ್ಪ ಮುದೇನೂರರೇ ಈ ಹೊತ್ತು ಸಮಾರೋಪ ಮುಗಿಸಿ, ಸರ್ಟಿಫಿಕೇಟುಗಳಿಗೆ ಸಹಿ ಹಾಕಿ, ಸಂಜೆಯ ರೈಲು ಹಿಡಿಯುವವರಿದ್ದರು.

"ಏನು ಮಾಡತೈತಿ ಮಾಮಾ ಇದು?"

"ಔಷಧ ಹತ್ತತೈತೋ ಇಲ್ಲೋ ಅಂತ ನೋಡಬೇಕಂದ್ರ ಅರ್ಧ ಮಂದಿಗೆ ಕೊಡಬೇಕು, ಅರ್ಧ ಮಂದಿಗೆ ಕೊಡಬಾರದು. ಕಾರ್ಯಾಗಾರನೂ ಹಂಗ. ಆದ್ರ ಇಲ್ಲಿ ಎಲ್ಲಾರೂ ಕುಂತು ಕೇಳ್ಯಾರ. ಕೇಳದವ್ರನ್ನ ಎಲ್ಲಿಂದ ತರೂದು?"

"ಊರಾಗ ಬೇಕಾದಷ್ಟು ಮಂದಿ ಅದಾರಲ್ಲ."

"ಅವ್ರನ್ನ ಕರದ್ರ ಊಟ ಹಾಕಬೇಕು, ಬ್ಯಾಗ್ ಕೊಡಬೇಕು, ನಿಮ್ಮ ಪರಿಚಯ ಹೇಳ್ರಿ ಅನ್ನಬೇಕು. ಅದೂ ಕಾರ್ಯಾಗಾರನ ಆತು. ಅದಕ್ಕ ಈ ಬಾಗಲಾ. ದಾಟುವಾಗ ತಾನ ಚೀಟಿ ಎತ್ತತೈತಿ, ಆಮ್ಯಾಲ ಒಂದು ಪ್ರಶ್ನೆ ಕೇಳತೈತಿ. ಹಸಿರು ಹತ್ತಿದ್ರ ಕಲಿತದ್ದು ತಲ್ಯಾಗ ಉಳೀತು. ಕೆಂಪು ಹತ್ತಿದ್ರ ಕಾರ್ಯಾಗಾರದ ದಿನಗಳೆಲ್ಲಾ ಅಳಿಸಿ ಹೋದ್ವು. ಅವ್ರು ಹೋಲಿಕೆ ಗುಂಪು. ಕೊನೀಗೆ ಎರಡೂ ಗುಂಪಿನ ಉತ್ತರ ತೂಗಿ ಫಲಿತಾಂಶ ಹೇಳತೈತಿ."

"ಅಳಿಸಿದ್ದು ಮತ್ತ ವಾಪಸ್ ಬರತೈತೇನು?"

"ಅದು ಮುಂದಿನ ಸಂಶೋಧನೆ."

"ಅಲ್ಲಾ, ಊಟದ ಬಾಗಲಕ್ಕ ಯಾಕ ಇಟ್ರಿ?"

"ಹಾಜರಿ ಪೂರ್ತಿ ಇರೂದು ಮತ್ತೆಲ್ಲವ್ವಾ?"

ಶಿವಲೀಲಾ ಮಾತ್ರ ಊಟಕ್ಕೆ ಅಡುಗೆಮನೆಯ ಹಿಂಬಾಗಿಲಿನಿಂದ ಒಳಗೆ ಹೋದಳು.

ಬಾರಕೇರರು ಎಲ್ಲವನ್ನೂ ಲೆಕ್ಕ ಹಾಕಿದ್ದರು, ಕೈ ತೊಳೆಯುವ ನಳವೊಂದನ್ನು ಬಿಟ್ಟು. ಅದು ಹಾಲಿನ ಹೊರಗಿತ್ತು. ಉಣ್ಣುವವರು ಕೈ ತೊಳೆದು ಒಳಗೆ ಬಂದರು, ಉಂಡು ಹೊರಗೆ ಹೋದರು, ಎಲೆ ಅಡಿಕೆಗೆಂದು ಮತ್ತೆ ಒಳಗೆ ಬಂದರು. ದಾಟಿದಾಗಲೆಲ್ಲ ಬಾಗಿಲು ಹೊಸದಾಗಿ ಚೀಟಿ ಎತ್ತಿತು, ಪ್ರಶ್ನೆ ಕೇಳಿತು. ಒಮ್ಮೆ ಹಸಿರಿನಲ್ಲಿ ಪಾರಾದವರು ಮುಂದಿನ ಸಲ ಕೆಂಪಿಗೆ ಸಿಕ್ಕರು.

ಕೆಂಪಿಗೆ ಸಿಕ್ಕವರಿಗೆ ಕಾರ್ಯಾಗಾರದ ಜೊತೆಗೆ ಈಗಷ್ಟೇ ಉಂಡ ಊಟವೂ ಮರೆತಿತ್ತು. "ಹೊಟ್ಟಿ ಯಾಕೋ ಭಾರ ಐತಿ, ಬಸ್ಸಿನ ಕುಲುಕಾಟಕ್ಕ ಇರಬೇಕು" ಎನ್ನುತ್ತ ಮತ್ತೆ ಪಂಕ್ತಿಯಲ್ಲಿ ಕೂತರು.

"ಸರ, ನಿಮಗ ಈಗರ ಬಡಿಸೀನಿ," ಎಂದ ಅಡುಗೆಯ ಬಸಲಿಂಗಯ್ಯ.

"ಮೊದಲನೇ ದಿನಾನ ಉಣ್ಣಾಕ ಬಂದವ್ರಿಗೆ ಹಿಂಗಂತೀರೇನ್ರಿ?"

ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಗೊರಕೆ ಹೊಡೆದವರು "ತಮ್ಮ ಊರು ಯಾವುದಾತ್ರಿ?" ಎಂದು ಕೈ ಮುಗಿದರು. ಸಮಾಜಶಾಸ್ತ್ರದ ಉಪನ್ಯಾಸಕರೊಬ್ಬರು ಕಾರ್ಯಾಗಾರದ ಬ್ಯಾಗು ಕೇಳಲು ಬಂದರು. ಅದು ಅವರ ಹೆಗಲಲ್ಲೇ ಇದೆಯಲ್ಲ ಎಂದು ತೋರಿಸಿದರೆ, "ಇದನ್ನ ಯಾರೋ ಹಾಕಿ ಹೋಗ್ಯಾರ. ನನ್ನದು ನನಗ ಕೊಡ್ರಿ," ಎಂದು ಪಟ್ಟು ಹಿಡಿದರು.

ಅಷ್ಟರಲ್ಲಿ ಮುದೇನೂರರು ಕೈ ಒರೆಸಿಕೊಳ್ಳುತ್ತ ಬಾಗಿಲ ಕಡೆ ಬಂದರು. "ಸರ್, ಆ ಕಡೆ ಬ್ಯಾಡ್ರಿ," ಎಂದು ಶಿವಲೀಲಾ ಓಡಿದಳು. ಕೆಂಪು ಹತ್ತಿತು. ಸರ್ ಸುತ್ತ ನೋಡಿ ಶಾಂತವಾಗಿ ಕೇಳಿದರು:

"ದೀಪ ಎಲ್ಲಿಟ್ಟೀರಿ?"

ಶಿವಲೀಲಾ ಮಾವನ ತೋಳು ಹಿಡಿದಳು. "ಮೊದಲು ಬಂದ್ ಮಾಡ್ರಿ ಇದನ್ನ."

"ಸ್ವಿಚ್ಚು ಒಳಗೈತಿ."

"ಹಿತ್ತಲಿಂದ ಹೋಗ್ರಿ ಮತ್ತ."

"ನಾ ಮಾಡಿದ ಯಂತ್ರಕ್ಕ ನನ್ನ ಗುರುತಿರೂದಿಲ್ಲೇನು?" ಎನ್ನುತ್ತ ಬಾರಕೇರರು ಎದೆ ಸೆಟೆಸಿ ದಾಟಿದರು. ಕೆಂಪು. ಆ ಕಡೆ ನಿಂತು ಚೌಕಟ್ಟನ್ನು ದಿಟ್ಟಿಸಿದರು. "ಇದನ್ನ ಯಾರು ಜೋಡಿಸಿದವ್ರು? ಕೊನೇ ದಿನ ಚಾಲೂ ಮಾಡಬೇಕಂತ ಮಾಡಿದ್ನಲ್ಲ."

"ಇವತ್ತ ಕೊನೇ ದಿನ, ಮಾಮಾ."

"ಹುಚ್ಚಿ, ಇವತ್ತ ಉದ್ಘಾಟನೆ. ನಡಿ, ಅತಿಥಿಗೋಳು ಕಾಯಾಕತ್ಯಾರ."

ಸ್ವಿಚ್ಚು ಒಳಗೆ ಎಲ್ಲಿದೆ ಎಂಬುದೂ ಮಾವನಿಗೆ ಮರೆತಿತ್ತು. ದೀಪ ಹಚ್ಚಿದ್ದಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಆದವು. ಸಂಶೋಧನೆ ಎಂಬುದು ಒಂದು ಸಾಗರ ಎಂದು ಮುದೇನೂರರು ಶುರು ಮಾಡಿ, ಅದರ ದಂಡೆ ಕಾಣದ ಹಾಗೆ ಮಾತಾಡಿದರು. ಗಂಟಲೊಣಗಿ, ನೀರು ಕುಡಿಯಲು ಊಟದ ಹಾಲಿಗೆ ಹೋಗಿ ಬಂದರು.

"ದೀಪ ಎಲ್ಲಿಟ್ಟೀರಿ?"

ಎರಡನೆಯ ಸಲ ಸಾಗರ ಶುರುವಾಗುವ ಮೊದಲೇ ಶಿವಲೀಲಾ ಸರ್ಟಿಫಿಕೇಟು ಮುಂದೆ ಹಿಡಿದಳು. "ಸರ್, ಒಂದು ಸಹಿ. ನಾಳೆ ಕೊನೇ ದಿನ ಐತ್ರಿ. ಇದಿಲ್ಲಂದ್ರ ನನ್ನ ಪ್ರಬಂಧ ತಗೊಳ್ಳೂದಿಲ್ಲ."

"ತಂಗೀ, ಶುರು ಆಗದ ಕಾರ್ಯಾಗಾರಕ್ಕ ಸರ್ಟಿಫಿಕೇಟ ಹೆಂಗ ಕೊಡ್ಲಿ? ಖೊಟ್ಟಿ ಸಹಿ ಮಾಡಿದವ ಅಲ್ಲ ನಾ."

ಗಡಿಯಾರ ರೈಲಿನ ಹೊತ್ತಿಗೆ ಹತ್ತಿರವಾಗಿತ್ತು. ಸರ್ ಮತ್ತೆ ಸಾಗರಕ್ಕಿಳಿದು, ಭಾಷಣದ ನಡುವೆ ಉಸಿರು ತೆಗೆದುಕೊಳ್ಳಲು ನಿಂತಾಗ, ಶಿವಲೀಲಾ ಮೈಕಿನ ಹತ್ತಿರ ಹೋಗಿ ಹೇಳಿದಳು: "ಈಗ ವಂದನಾರ್ಪಣೆ."

ಆ ಸೀಮೆಯಲ್ಲಿ ವಂದನಾರ್ಪಣೆ ಎಂದ ಮೇಲೆ ಕೂತವರನ್ನು ಯಾರೂ ಕಂಡಿಲ್ಲ. ಸಭೆಗೆ ಸಭೆಯೇ ಎದ್ದು ಚಪ್ಪಲಿ ಹುಡುಕತೊಡಗಿತು. ಪೆಂಡಾಲಿನವನಿಗೆ, ಚಹಾದವನಿಗೆ, ಮೈಕಿನವನಿಗೆ ಆಕೆ ಒಂದೇ ಉಸಿರಿನಲ್ಲಿ ವಂದಿಸಿದಳು. ಮುದೇನೂರರ ಕೈ, ಜನ್ಮವೆಲ್ಲ ಮಾಡಿಕೊಂಡು ಬಂದ ರೂಢಿಯಂತೆ, ತಾನಾಗಿಯೇ ಜೇಬಿಗೆ ಹೋಗಿ ಪೆನ್ನು ತೆಗೆಯಿತು. ಆಕೆ ಮುಂದಿಟ್ಟ ಸರ್ಟಿಫಿಕೇಟುಗಳಿಗೆಲ್ಲ ಸಹಿ ಬಿತ್ತು.

"ಕಾರ್ಯಕ್ರಮ ಛಂದ ಆತು," ಎಂದು ಅವರು ರೈಲಿಗೆ ಹೊರಟರು. ಉಳಿದವರೂ ಯಾತರದ್ದೆಂದು ಕೇಳದೆ ತಮ್ಮ ತಮ್ಮ ಸರ್ಟಿಫಿಕೇಟು ತೆಗೆದುಕೊಂಡು ಬಸ್ ಹತ್ತಿದರು.

ಎಲ್ಲರೂ ಹೋದ ಮೇಲೆ ಊಟದ ಹಾಲಿನ ಬಾಗಿಲಲ್ಲಿ ಚೌಕಟ್ಟಿನ ಎರಡೂ ಬಲ್ಬು ಒಟ್ಟಿಗೇ ಹತ್ತಿದವು. ಬಸ್ ಸ್ಟ್ಯಾಂಡಿನ ಸೂಚನೆಯಂಥ ದನಿಯೊಂದು ಹೊರಟಿತು: "ಎರಡೂ ಗುಂಪಿನ ಉತ್ತರಗಳನ್ನು ಹೋಲಿಸಲಾಗಿದೆ. ಕಲಿತವರಿಗೂ ಮರೆತವರಿಗೂ ವ್ಯತ್ಯಾಸ ಕಂಡುಬಂದಿಲ್ಲ."

ಬಾರಕೇರರು ಬಹಳ ಹೊತ್ತು ತಲೆ ಕೆರೆದುಕೊಂಡರು.

"ಇದು ಖರೇ ಇರಬಹುದೇನು, ಲೀಲಾ?"

ಶಿವಲೀಲಾ ಸರ್ಟಿಫಿಕೇಟನ್ನು ಮಡಿಕೆ ಬೀಳದ ಹಾಗೆ ಪ್ರಬಂಧದ ನಡುವೆ ಇಟ್ಟಳು.

"ಇಲ್ಲ ಮಾಮಾ. ಯಂತ್ರ ಕೆಟ್ಟೈತಿ."